ಜಗಲಿಯ ಎಲ್‌ಪಿ ಮೆತ್ತಿನವರೆಗೆ

ಶಿರಸಿ, 12 ಜುಲೈ 2025, ಶನಿವಾರ

ಬೆಳಗಿನಿಂದ ಬಿಡದ ಮಳೆ. ಕರೆಂಟು ಹೋಗಲಿಲ್ಲ, ಅದೇ ಪುಣ್ಯ. ಟರ್ನ್‌ಟೇಬಲ್, ಕ್ಯಾಸೆಟ್ ಡೆಕ್, ರೇಡಿಯೊ, ಮೊಬೈಲು ನಾಲ್ಕೂ ಜಗಲಿ, ನಡುಮನೆ, ಅಡುಗೆಮನೆ, ಮೆತ್ತು (ಮಹಡಿ) ಎಲ್ಲ ಕಡೆ ಒಟ್ಟಿಗೇ ಕೇಳುವ ಹಾಗೆ ಜೋಡಣೆ ಮುಗಿಯಿತು. ನಡುವೆ ಒಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರು, ಅದರಲ್ಲಿ ಒಂದೇ ಧ್ವನಿಯನ್ನು ಎಲ್ಲ ಕೋಣೆಗೂ ಒಟ್ಟಿಗೆ ಕಳಿಸುವ ಸ್ನ್ಯಾಪ್‌ಕಾಸ್ಟ್ ಸರ್ವರ್. ಕೋಣೆಗೊಂದು ಸಣ್ಣ ಪೈ, ಡಿಜಿಟಲ್ ಅಂಕಿಯನ್ನು ಧ್ವನಿಯ ಅಲೆಯಾಗಿಸುವ ಡ್ಯಾಕ್, ಆಂಪ್ಲಿಫೈಯರ್. ಮೊಬೈಲಿನ ಹಾಡಿಗೆ ಅರ್ಧ ಗಂಟೆ ಸಾಕಾಯಿತು. ಉಳಿದ ದಿನವೆಲ್ಲ ಹಳೆಯ ಮೂರಕ್ಕೇ ಹೋಯಿತು.

ಪೈಯಲ್ಲಿ ಆಡಿಯೊ ಇನ್‌ಪುಟ್ಟೇ ಇಲ್ಲ. ಅಗ್ಗದ ಯುಎಸ್‌ಬಿ ಡಾಂಗಲ್‌ನ ಗುಲಾಬಿ ತೂತು ಸಾಮಾನ್ಯವಾಗಿ ಮೈಕಿನದು, ಮೊನೊ. ಅದಕ್ಕೆ ಡೆಕ್ ಸಿಕ್ಕಿಸಿದರೆ ಧ್ವನಿ ಒಡೆಯುತ್ತದೆ. ಕೆಂಪು, ಬಿಳಿ ಆರ್‌ಸಿಎ ಇನ್ ಇರುವ ಸೌಂಡ್ ಕಾರ್ಡೇ ಬೇಕು. ಮೂರು ಯಂತ್ರ, ಒಂದೇ ಇನ್. ವೈ ಕೇಬಲ್ಲಿನಲ್ಲಿ ಮೂರನ್ನೂ ಗಂಟು ಹಾಕಿದರೆ ಒಂದರ ಔಟ್‌ಪುಟ್ಟು ಇನ್ನೊಂದಕ್ಕೆ ಹೊರೆಯಾಗಿ ಧ್ವನಿ ಸೊರಗುತ್ತದೆ. ಗುಂಡಿ ಒತ್ತಿ ಬದಲಿಸುವ ಆರ್‌ಸಿಎ ಸೆಲೆಕ್ಟರ್ ಹಾಕಿದ್ದಾಯಿತು.

ಟರ್ನ್‌ಟೇಬಲ್ ಮಾತ್ರ ನೇರ ಸೆಲೆಕ್ಟರಿಗೆ ಹೋಗುವಂತಿಲ್ಲ. ಸೂಜಿ ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಡೆಕ್ಕಿನ ಲೈನ್ ಔಟ್ 300ರ ಆಸುಪಾಸು. ನಡುವೆ ಫೋನೊ ಪ್ರೀಆಂಪ್ ಬೇಕು. ಅದು ಬರೀ ಸದ್ದು ಏರಿಸುವ ಪೆಟ್ಟಿಗೆ ಅಲ್ಲ. ಎಲ್‌ಪಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿರುತ್ತಾರೆ. ಎಲ್‌ಪಿಗೆಂದು ಗೊತ್ತುಮಾಡಿದ ಆರ್‌ಐಎಎ ಲೆಕ್ಕದಲ್ಲಿ ಅದನ್ನು ತಿರುಗಿ ಸರಿಮಾಡುವುದು ಪ್ರೀಆಂಪಿನ ಕೆಲಸ. ಎರಡೂ ತುದಿಯಲ್ಲಿ ಸುಮಾರು 20 ಡೆಸಿಬಲ್ ವ್ಯತ್ಯಾಸ. ಪ್ರೀಆಂಪ್ ಬಿಟ್ಟು ಸಾಫ್ಟ್‌ವೇರಿನಲ್ಲಿ ವಾಲ್ಯೂಮ್ ಎತ್ತಿದರೆ ಮದ್ದಳೆ ಸತ್ತು ತಾಳವೊಂದೇ ಕಿವಿಗೆ ಚುಚ್ಚುತ್ತದೆ. ಕೆಲವು ಟರ್ನ್‌ಟೇಬಲ್ಲಿನ ಹಿಂದೆ ಫೋನೊ/ಲೈನ್ ಸ್ವಿಚ್ ಇರುತ್ತದೆ. ಅದು ಲೈನ್‌ನಲ್ಲಿದ್ದರೆ ಹೊರಗಿನ ಪ್ರೀಆಂಪ್ ಬೇಡ. ಎರಡೂ ಸೇರಿದರೆ ಗೊರಗೊರ.

ಮಟ್ಟ ನೋಡಲು ಚಂಡೆಯ ಏರು ಪೆಟ್ಟು ಇರುವ ಜಾಗವನ್ನೇ ಹಾಕಬೇಕು. ಅಲ್ಲಿ ಮೀಟರು ಮೈನಸ್ 6 ಡೆಸಿಬಲ್ ದಾಟದಿದ್ದರೆ ಸಾಕು. ಡಿಜಿಟಲ್‌ನಲ್ಲಿ ಸೊನ್ನೆ ದಾಟಿದ ಸದ್ದು ಕತ್ತರಿಸಿಹೋಗುತ್ತದೆ, ಟೇಪಿನ ಹಾಗೆ ಮೆತ್ತಗೆ ಒತ್ತಿಕೊಳ್ಳುವುದಿಲ್ಲ.

ಮಧ್ಯಾಹ್ನ ಹಮ್, ಸ್ಪೀಕರಿನಲ್ಲಿ ಒಂದೇ ಸಮನೆ ಗುಂಯ್. ಟರ್ನ್‌ಟೇಬಲ್ಲಿನ ತೆಳು ಅರ್ಥಿಂಗ್ ತಂತಿಯನ್ನು ಪ್ರೀಆಂಪಿನ ತಿರುಪಿಗೆ ಬಿಗಿದಾಗ ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಪೈಗೂ ಡೆಕ್ಕಿಗೂ ಬೇರೆ ಬೇರೆ ಪ್ಲಗ್ಗಿನಿಂದ ಬಂದ ಗ್ರೌಂಡ್ ಲೂಪ್, ಅಂದರೆ ಅರ್ಥಿಂಗಿಗೆ ಎರಡು ದಾರಿಯಾಗಿ ಆದ ಸುತ್ತು. ಎರಡನ್ನೂ ಒಂದೇ ಸ್ಪೈಕ್ ಬಸ್ಟರಿಗೆ ತಂದರೆ ಆಯಿತು. ಆಗಲೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬಹುದು. ಆದರೆ ಪ್ರೀಆಂಪಿನ ಆಚೆಗೇ ಹೊರತು ಕಾರ್ಟ್ರಿಜ್‌ಗೂ ಪ್ರೀಆಂಪಿಗೂ ನಡುವೆ ಅಲ್ಲ. ಹಮ್ ಹೋಗುತ್ತದೆಂದು ಮೂರನೆಯ ಪಿನ್ನು ಮುರಿಯುವವರಿದ್ದಾರೆ. ಸಿಡಿಲಿನ ಸೀಮೆಯಲ್ಲಿ ಕೂತು ಆ ಕೆಲಸ ಬೇಡ.

ರೇಡಿಯೊದಲ್ಲಿ ಧಾರವಾಡ ಆಕಾಶವಾಣಿಯ (765 ಕಿಲೊಹರ್ಟ್ಸ್) ಬದಲು ಬರೀ ಕಿರ್ರ್. ಪೈ ಅಡಾಪ್ಟರಿನದೇ ಗಲಾಟೆ. ಸೆಟ್ಟನ್ನು ಎರಡು ಮೀಟರ್ ದೂರ ಸರಿಸಿ, ಸ್ವಲ್ಪ ತಿರುಗಿಸಿ ಇಟ್ಟರೆ ವಾರ್ತೆ ತಿಳಿಯಾಯಿತು.

ಇನ್ನು ಹೊತ್ತಿನ ತಕರಾರು. ಸ್ನ್ಯಾಪ್‌ಕಾಸ್ಟ್ ಮೊದಲಿನಿಂದಲೇ 1000 ಮಿಲಿಸೆಕೆಂಡ್ ಧ್ವನಿಯನ್ನು ಹಿಡಿದಿಟ್ಟು ಬಿಡುತ್ತದೆ. ಎಲ್ಲ ಕೋಣೆ ಒಂದೇ ಲಯದಲ್ಲಿ ಇರುವುದು ಅದರಿಂದಲೇ. ಜಗಲಿಯ ಆಂಪ್ಲಿಫೈಯರಿಗೆ ಪ್ರೀಆಂಪಿನಿಂದ ನೇರ ತಂತಿ ಉಳಿಸಿದ್ದರಿಂದ ಭಾಗವತರ ಬೆನ್ನಿಗೇ ನಡುಮನೆಯಲ್ಲಿ ಇನ್ನೊಬ್ಬ ಭಾಗವತ. ನೇರ ತಂತಿ ಕಿತ್ತು, ಪಕ್ಕದಲ್ಲೇ ಇರುವ ಸ್ಪೀಕರಿಗೂ ಪೈ ಮೂಲಕವೇ ಕೊಟ್ಟದ್ದು. ಸೂಜಿ ಇಟ್ಟು ಒಂದು ಕ್ಷಣ ಕಾಯಬೇಕು, ಅಷ್ಟೆ. ಎಲ್ಲ ಕಡೆ ಕೇಬಲ್ ಇದ್ದರೆ 400ಕ್ಕೆ ಇಳಿಸಬಹುದಿತ್ತು. ಮೆತ್ತಿಗೆ ವೈಫೈ, ನಡುವೆ ನೆನೆದ ಚಿರೆಕಲ್ಲಿನ ಗೋಡೆ. 48 ಕಿಲೊಹರ್ಟ್ಸ್, 16 ಬಿಟ್ ಸ್ಟೀರಿಯೊ ಸಂಕೋಚಿಸದೆಯೂ ಸೆಕೆಂಡಿಗೆ 1536 ಕಿಲೊಬಿಟ್, ಅದೇನೂ ಭಾರ ಅಲ್ಲ. ಪ್ಯಾಕೆಟ್ಟು ತಡವಾಗುವುದೇ ತೊಂದರೆ. 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ತಂದಾಗ ತುಂಡಾಗುವುದು ನಿಂತಿತು.

ಸಂಜೆ ಎಂಪಿಡಿಯ (ಹಾಡಿನ ಫೈಲು ನುಡಿಸುವ ತಂತ್ರಾಂಶ) ಹಾಡೆಲ್ಲ ವೇಗವಾಗಿ ಓಡುತ್ತಿತ್ತು. ಅದು 44.1 ಕಿಲೊಹರ್ಟ್ಸ್‌ನಲ್ಲಿ ಸುರಿಯುತ್ತಿದೆ, ಸರ್ವರ್ 48 ಎಂದು ಓದುತ್ತಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡರ ಶ್ರುತಿಯ ಹಾಡು ಕರಿ ಎರಡನ್ನು ದಾಟಿ ಬಿಳಿ ಮೂರರ ಕಡೆಗೆ. ಎರಡೂ ಕಡೆ ಒಂದೇ ಅಂಕಿ ಬರೆದರೆ ಸರಿ.

ಟರ್ನ್‌ಟೇಬಲ್ ಶುರುವಾದ ಕೂಡಲೇ ಮೊಬೈಲಿನ ಹಾಡು ತಾನಾಗಿ ಸರಿದು ಜಾಗ ಬಿಡಲು ಸ್ನ್ಯಾಪ್‌ಕಾಸ್ಟ್‌ನಲ್ಲಿ ಮೆಟಾ ಸ್ಟ್ರೀಮ್ ಎಂಬ ಸೌಲಭ್ಯ ಇದೆ. ಇಲ್ಲಿ ಎರಡು ಅಂಕಿ ತಿದ್ದಲೇಬೇಕು. ಮೌನದ ಮಿತಿ ಸೊನ್ನೆಯಲ್ಲೇ ಇದ್ದರೆ ಪ್ರೀಆಂಪಿನ ಸುಯ್ ಸದ್ದನ್ನೂ ಹಾಡೆಂದೇ ತಿಳಿದು ಮೊಬೈಲಿಗೆ ಪಾಳಿ ಬರುವುದೇ ಇಲ್ಲ. ಶೇಕಡಾ 1 ಕೊಟ್ಟದ್ದು. ಕಾಯುವ ಹೊತ್ತು ಮೊದಲಿಗೆ 100 ಮಿಲಿಸೆಕೆಂಡ್, ಎಲ್‌ಪಿಯ ಎರಡು ಹಾಡಿನ ನಡುವಿನ ಖಾಲಿಯಲ್ಲೇ ಮೊಬೈಲು ಬಾಯಿ ಹಾಕುತ್ತದೆ. 8000 ಮಾಡಿದ್ದು. ತಾಳಮದ್ದಳೆಯ ಕ್ಯಾಸೆಟ್ಟಿನಲ್ಲಿ ಅರ್ಥಧಾರಿ ಉಸಿರೆಳೆದುಕೊಳ್ಳುವಷ್ಟಕ್ಕೂ ಸಾಕು.

ನಾಳೆಗೆ ಉಳಿದದ್ದು: ಕೋಣೆಗಳ ವಾಲ್ಯೂಮ್ ಹೊಂದಿಸಿದ ಮೇಲೆ ಪೈಯ ಓವರ್‌ಲೇ ಹಾಕಿ ಎಸ್‌ಡಿ ಕಾರ್ಡಿಗೆ ಬರೆಯುವುದನ್ನು ತಡೆಯಬೇಕು, ಕರೆಂಟು ಹೋದಾಗ ಕಾರ್ಡು ಕೆಡದಿರಲು. ಮೊದಲೇ ಹಾಕಿದರೆ ರೀಬೂಟಿಗೆ ಹೊಂದಿಸಿದ್ದೆಲ್ಲ ಮಾಯ. ಬೂಷ್ಟು ಹಿಡಿದ ಏಳು ಕ್ಯಾಸೆಟ್ಟು ಸಿಲಿಕಾ ಜೆಲ್ ಡಬ್ಬಿಯಲ್ಲಿವೆ. ಒರೆಸದೆ ಡೆಕ್ಕಿಗೆ ಹಾಕುವಂತಿಲ್ಲ, ಹೆಡ್ಡಿಗೆ ಹತ್ತಿ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ.