ಕಾರ್ಡ್ ವಾಪಸ್ ಕೊಟ್ಟ ದೊಡ್ಡಮ್ಮ

"ಯಾರಾದ್ರೂ ದೂರು ಕೊಟ್ಟಿದ್ದಾರೇನಮ್ಮಾ? ನೋಟಿಸ್ ಬಂತಾ?"

"ಇಲ್ಲಪ್ಪ. ಮಗನಿಗೆ ಕೆಲಸ ಸಿಕ್ತು."

ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ನಡೆದದ್ದು ಇಷ್ಟೇ ಮಾತು. ವಾರವೆಲ್ಲ ತಲೆಯೊಳಗೆ ಅದೇ ಸುತ್ತುತ್ತಿದೆ. ಬಿಪಿಎಲ್ ಕಾರ್ಡನ್ನು ತಾವಾಗಿಯೇ ವಾಪಸ್ ಕೊಡಲು ಬಂದವರನ್ನು ಆ ಗುಮಾಸ್ತರು ನೋಡಿರಲಿಲ್ಲವೋ ಏನೋ. ಇವರಿಗೆ ನೀವಾದರೂ ಹೇಳಬಾರದಾ ಎಂಬಂತೆ ನನ್ನ ಮುಖ ನೋಡಿದರು. ಆಮೇಲೆ ದನಿ ತಗ್ಗಿಸಿ, "ಮಗನ ಹೆಸರೊಂದನ್ನ ತೆಗೆಸಿಬಿಡಿ, ಕಾರ್ಡ್ ಹಾಗೇ ಇರುತ್ತೆ" ಎಂದು ಉಪಾಯವನ್ನೂ ಹೇಳಿಕೊಟ್ಟರು. ಕೆಟ್ಟ ಮನುಷ್ಯರೇನಲ್ಲ. ದೊಡ್ಡಮ್ಮನಿಗೆ ಕುರ್ಚಿ ಹಾಕಿಸಿದರು, ಒಂದು ರೂಪಾಯಿ ಕೇಳಲಿಲ್ಲ. ಅವರ ಪಾಲಿಗೆ ಅದು ಉಪಕಾರವೇ.

ಕಾರ್ಡ್ ಇಟ್ಟುಕೊಂಡವರೆಲ್ಲ ಕಳ್ಳರು ಅಂತ ನಾನೂ ಹೇಳಲಾರೆ. ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ದಾಟಬಾರದು ಅನ್ನುತ್ತದೆ ನಿಯಮ. ಅಂದರೆ ತಿಂಗಳಿಗೆ 10 ಸಾವಿರ! ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ಸಂಬಳವೇ ಅದನ್ನು ದಾಟುತ್ತದೆ. ಇಂಥ ಗೆರೆ ಎಳೆದ ಮೇಲೆ ಬಡವರೂ ಸುಳ್ಳು ಹೇಳದೆ ವಿಧಿಯಿಲ್ಲ. ಕಾರಿನಲ್ಲಿ ಬಂದು ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತಿ, ಅಕ್ಕಿಯನ್ನು ಹೊರಗೇ ಮಾರಿ ಹೋಗುವವರ ಮಾತು ಬೇರೆ. ತಮಾಷೆ ನೋಡಿ, ಅವರನ್ನು ಯಾಕೆ ಅಂತ ಯಾರೂ ಕೇಳುವುದಿಲ್ಲ. ಕಾರಣ ಹೇಳಬೇಕಾದದ್ದು ವಾಪಸ್ ಕೊಡಲು ಬಂದವರು.

ದೊಡ್ಡಮ್ಮನಿಗೆ ಈ ನಿಯಮವೆಲ್ಲ ಗೊತ್ತೂ ಇಲ್ಲ. ದೊಡ್ಡಪ್ಪ ಹೋದ ಮೇಲೆ ಆ ಅಕ್ಕಿಯಲ್ಲೇ ಮನೆ ನಡೆಸಿ ಮಗನನ್ನು ಓದಿಸಿದವರು. ಬಸ್ಸಿನಲ್ಲಿ ಕೆದಕಿದ್ದಕ್ಕೆ, "ಬೇಕಿದ್ದಾಗ ತಿಂದ್ವಿ, ಯಾರ ಮುಂದೂ ನಾಚ್ಕೊಳ್ಳಲಿಲ್ಲ. ಈಗ್ಲೂ ತಂದ್ರೆ ನಾಚ್ಕೋಬೇಕಾಗುತ್ತೆ" ಅಂದರು. ನಾವೆಲ್ಲ ಮನೆ, ಸಂಬಳ, ಆರೋಗ್ಯ ಎಲ್ಲ ಒದಗಿದ ಮೇಲೆ ಉಳಿದರೆ ಒಂದಿಷ್ಟು ನೀತಿ ಇರಲಿ ಅಂದುಕೊಂಡವರು. ಅವರು ಮಗನ ಮೊದಲ ಸಂಬಳದಲ್ಲಿ ಮಾಡಿದ ಮೊದಲ ಖರ್ಚೇ ಇದು.

ಖರ್ಚು ಅಂದದ್ದು ಸುಮ್ಮನೆ ಅಲ್ಲ. ಆ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಭರಿಸುವುದು ಚಿಕಿತ್ಸೆಗೆ ಅದೇ ನಿಗದಿ ಮಾಡಿದ ದರದ ಶೇ 30 ಮಾತ್ರ. ದೊಡ್ಡಮ್ಮನಿಗೆ ಬಿಪಿ ಬೇರೆ. ನನಗೂ ಈ ವಿಷಯದಲ್ಲಿ ಸಮಾಧಾನವಿಲ್ಲ. ಮಗನಂತೂ, ನೀನ್ಯಾಕೆ ಕರ್ಕೊಂಡು ಹೋದೆ ಅಂತ ಫೋನಿನಲ್ಲೇ ನನ್ನ ಮೇಲೆ ಹಾರಾಡಿದ. ಈಗ ಅಮ್ಮನಿಗೆ ವಿಮೆ ಹುಡುಕುತ್ತಿದ್ದಾನೆ. ನಿನ್ನೆ ಮತ್ತೆ ಫೋನ್.

"ಅಕ್ಕಾ, ಫಾರಂನಲ್ಲಿ ಬಿಪಿ ಇದೆ ಅಂತ ಬರೀಲೇಬೇಕಾ? ಪ್ರೀಮಿಯಂ ಜಾಸ್ತಿ ಆಗುತ್ತಂತೆ."

"ಅಮ್ಮನ್ನೇ ಕೇಳಪ್ಪ" ಅಂದೆ.