ಹೌದು, ಬೇಗ ಏಳ್ತೀನಿ. ಮುಂದಿನ ಪ್ರಶ್ನೆ?

ಕೆಲಸಕ್ಕೆ ಸೇರಿದಾಗಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ. "ಏನಪ್ಪಾ, ಟೈಮಿಗೆ ಸರಿಯಾಗಿ ಹೋಗೋದು ಅಡ್ಜಸ್ಟ್ ಆಯ್ತಾ?" ಕೆಲವರು ಅದಕ್ಕೊಂದು ಬಾಲ ಸೇರಿಸುತ್ತಾರೆ: "ಕಾಲೇಜಲ್ಲಿ ಆರಾಮಾಗಿದ್ದೆ, ಈಗ ಗೊತ್ತಾಗ್ತಿದೆ ಅಲ್ವಾ?" ಕೇಳುವಾಗ ಅವರ ಮುಖದಲ್ಲಿ ಒಂದು ಖುಷಿ ಇರುತ್ತದೆ. ನನಗೆ ಸಿಟ್ಟು ಬರುವುದು ಆ ಖುಷಿ ನೋಡಿಯೇ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಿಸಿಬಿಡುತ್ತೇನೆ.

ಆಯ್ತು. ಅಡ್ಜಸ್ಟ್ ಆಯ್ತು. ಹಳ್ಳಿಯಿಂದ ಕೋಲಾರಕ್ಕೆ ಬೈಕು, ಅಲ್ಲಿಂದ ಕಂಪನಿ ಬಸ್ಸು, ಹೆದ್ದಾರಿ ಹಿಡಿದು ನರಸಾಪುರ. ಬಸ್ ಹತ್ತುವುದು ಕ್ಲಾಕ್ ಟವರ್ ಹತ್ತಿರ. (ಬೇರೆ ಜಾಗವೇ ಸಿಗಲಿಲ್ಲವಾ ಇವರಿಗೆ?) ಎಂಟಕ್ಕೆ ಗೇಟಿನಲ್ಲಿ ಬೆರಳು ಒತ್ತಬೇಕು. ಚಳಿಗಾಲದಲ್ಲಿ ಆ ಮೆಷಿನ್ನಿಗೆ ನನ್ನ ಬೆರಳಿನ ಗುರುತೇ ಸಿಗುವುದಿಲ್ಲ, ಕೆಂಪು ದೀಪ ತೋರಿಸುತ್ತದೆ. ಪ್ಯಾಂಟಿಗೆ ಉಜ್ಜಿ, ಬಾಯಿಯಿಂದ ಊದಿ, ಮತ್ತೆ ಒತ್ತಬೇಕು. ಹಿಂದೆ ಸಾಲಿನಲ್ಲಿ ನಿಂತವರು "ಬೇಗ ಗುರೂ" ಅಂತಾರೆ. ಎಂ.ಎ. ಓದುವಾಗ 75 ಪರ್ಸೆಂಟ್ ಹಾಜರಾತಿ ಇದ್ದರೆ ಸಾಕಿತ್ತು, ಮಿಕ್ಕ 25 ನಮ್ಮದು. ಇಲ್ಲಿ ಮಿಕ್ಕಿದ್ದು ಅಂತ ಏನೂ ಇಲ್ಲ.

ಆದರೆ ಬೆಳಿಗ್ಗೆ ಏಳುವುದನ್ನೇ ದೊಡ್ಡ ಸಾಧನೆ ಅನ್ನೋ ಹಾಗೆ ಕೇಳ್ತೀರಲ್ಲ, ನಮ್ಮದು ಹಸು ಇರುವ ಮನೆ ಸ್ವಾಮಿ. ಡೈರಿಗೆ ಹಾಲು ಹಾಕುವ ಹೊತ್ತು ಮೀರಿದರೆ ಕ್ಯಾನು ವಾಪಸ್ ತರಬೇಕು. ಏಳುವುದು ಹೇಗೋ ಆಗುತ್ತದೆ. ಮಲಗುವುದು ಕಷ್ಟ. ಹಾಸ್ಟೆಲ್ಲಿನಲ್ಲಿ ರಾತ್ರಿ ಒಂದಕ್ಕೆ ತಲೆ ಚುರುಕಾಗುತ್ತಿದ್ದವನಿಗೆ ಹತ್ತಕ್ಕೆ ನಿದ್ದೆ ಬಾ ಅಂದರೆ ಎಲ್ಲಿಂದ ಬರಬೇಕು? ನಮ್ಮ ಮೈಯೊಳಗೂ ಒಂದು ಗಡಿಯಾರ ಇದೆ. ಅದು ಹೇಗೆ ನಡೆಯುತ್ತದೆ ಅಂತ ಕಳಿತ ಹಣ್ಣಿಗೆ ಮುತ್ತುವ ಚಿಕ್ಕ ನೊಣದಲ್ಲಿ ಕಂಡುಹಿಡಿದ ಮೂವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಕೊಟ್ಟರು. ಹದಿವಯಸ್ಸಿನಿಂದ ಇಪ್ಪತ್ತರ ಆಸುಪಾಸಿನವರೆಗೆ ಆ ಗಡಿಯಾರ ತಡವಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗಿ ದಾರಿಗೆ ಬರುತ್ತದೆ. ಸೋಮಾರಿ ಅಂತ ಬೈಯುವವರು ಹೋಗಿ ಆ ನೊಣಕ್ಕೆ ಬೈಯಲಿ.

ಸಲಹೆ ಬೇಕಿದ್ದವರಿಗೆ ಒಂದೇ ಸಲಹೆ. ಭಾನುವಾರ ಹತ್ತರವರೆಗೆ ಮಲಗಬೇಡಿ. ಮಲಗಿದರೆ ಆ ರಾತ್ರಿ ನಿದ್ದೆ ಹತ್ತಲ್ಲ, ಸೋಮವಾರ ಬಸ್ಸಿನಲ್ಲಿ ಪಕ್ಕದವರ ಭುಜವೇ ದಿಂಬು. ಅವತ್ತೂ ಬೇಗ ಎದ್ದು ಅಂಗಳಕ್ಕೆ ಬನ್ನಿ, ಬೆಳಗಿನ ಬೆಳಕು ಕಣ್ಣಿಗೆ ಬೀಳಲಿ. ಮುಗೀತು.

ಇಷ್ಟೆಲ್ಲ ಕೇಳುವವರು ಇನ್ನೊಂದು ಮಾತು ಯಾಕೆ ಕೇಳಲ್ಲ? "ನೀನು ಓದುವಾಗ ಓಡಾಡಿ ಮಾಡ್ತಿದ್ದ ಕೆಲಸಗಳನ್ನೆಲ್ಲ ಈಗ ಯಾರು ಮಾಡ್ತಾರೆ?" ಅಂತ.

ಯಾಕೆಂದರೆ ಆ ಫ್ರೀ ಟೈಮ್ ನನ್ನ ಹತ್ತಿರ ಯಾವತ್ತೂ ಇರಲೇ ಇಲ್ಲ. "ನೀನು ಹೇಗೂ ಫ್ರೀ ಇದ್ದೀಯಲ್ಲ" ಅಂತ ಶುರು ಮಾಡಿದರೆ ಮುಗೀತು. ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗು, ರೇಷನ್ ಕಾರ್ಡಿಗೆ ಮಗು ಹೆಸರು ಸೇರಿಸು, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಾ, ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸು. ಇವೆಲ್ಲ ನಡೆಯುವುದು ವಾರದ ದಿನ, ಹಗಲು ಹೊತ್ತು. ಈಗ ನನಗೆ ವಾರಕ್ಕೆ ಆರು ದಿನ, 48 ಗಂಟೆ ಕೆಲಸ. ರಜೆ ಭಾನುವಾರ. ಬ್ಯಾಂಕಿಗೂ ಅವತ್ತೇ ರಜೆ. 2015ರಿಂದ ಎರಡನೇ, ನಾಲ್ಕನೇ ಶನಿವಾರವೂ ಅವರಿಗೆ ರಜೆ, ನನಗಲ್ಲ. ನನ್ನ ಸಂಬಳ ಬೀಳುವ ಬ್ಯಾಂಕಿನ ಬಾಗಿಲು ತೆರೆದಿದ್ದನ್ನು ನೋಡಿ ಎಷ್ಟು ಕಾಲ ಆಯ್ತೋ.

ಮೊನ್ನೆ ಶ್ರೀನಿವಾಸಪುರದಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಪಕ್ಕದಲ್ಲಿ ದೊಡ್ಡಪ್ಪ. ಎಲೆಗೆ ಕೋಸಂಬರಿ ಬೀಳುವ ಮೊದಲೇ ಪ್ರಶ್ನೆ ಬಿತ್ತು, ಬಾಲದ ಸಮೇತ. ಆಯ್ತು ದೊಡ್ಡಪ್ಪಾ, ಅಂದೆ. ಅನ್ನ ಬರುವಷ್ಟರಲ್ಲಿ, "ಅಂದಹಾಗೆ, ಮಂಗಳವಾರ ತಾಲ್ಲೂಕು ಕಚೇರಿಗೆ ಒಂದು ರೌಂಡು ಹೋಗಿ ಬರ್ತೀಯಾ? ಪಹಣಿಯಲ್ಲಿ ನನ್ನ ಹೆಸರು ಇನ್ನೂ ತಪ್ಪಾಗೇ ಇದೆ" ಅಂದರು.

"ಮಂಗಳವಾರ ಡ್ಯೂಟಿ ಇದೆ ದೊಡ್ಡಪ್ಪಾ."

"ಒಂದು ಗಂಟೆ ಪರ್ಮಿಷನ್ ಕೇಳೋ. ಕಾಲೇಜಿಗೆ ಚಕ್ಕರ್ ಹಾಕ್ತಿರಲಿಲ್ವಾ?"

"ಹಾಕ್ತಿದ್ದೆ. ನಿಮ್ಮ ಪಹಣಿಗೇ ಹಾಕ್ತಿದ್ದೆ."

ಎದುರು ಸಾಲಿನಲ್ಲಿದ್ದ ಅತ್ತೆ ಜೋರಾಗಿ ನಕ್ಕುಬಿಟ್ಟರು. ದೊಡ್ಡಪ್ಪ ಪಾಯಸದವನನ್ನು ಕರೆಯತೊಡಗಿದರು. ಪಾಯಸ ಇನ್ನೂ ಎರಡು ಸಾಲು ಆಚೆ ಇತ್ತು.

ಈಗ ಆ ಕೆಲಸಗಳೆಲ್ಲ ತಮ್ಮನ ತಲೆಗೆ ಬಂದಿವೆ. ಅವನು ಬಿ.ಕಾಂ. ಎರಡನೇ ವರ್ಷ, ಅಂದರೆ ಮನೆಯವರ ಲೆಕ್ಕದಲ್ಲಿ ಫ್ರೀ. ಮಂಗಳವಾರ ತಾಲ್ಲೂಕು ಕಚೇರಿಗೆ ಅವನೇ ಹೋಗಿದ್ದ. "ಸರ್ವರ್ ಇಲ್ಲ, ಗುರುವಾರ ಬನ್ನಿ" ಅಂದರಂತೆ. ಹಾಜರಾತಿ ಕಮ್ಮಿ ಆಗ್ತಿದೆ ಅಣ್ಣಾ ಅಂತ ಗೊಣಗುತ್ತಿದ್ದಾನೆ. 75ಕ್ಕಿಂತ ಕೆಳಗೆ ಇಳಿದರೆ ಕಾಲೇಜಿಗೆ ದೊಡ್ಡಪ್ಪನನ್ನೇ ಕರೆದುಕೊಂಡು ಹೋಗು, ಅವರೇ ಮಾತಾಡಲಿ ಅಂತ ಹೇಳಿದ್ದೇನೆ.