ತಂಬೂರಿ ಹಾಕಿ ಸ್ಪೀಕರ್ ಆರಿಸುವುದು

14 ಜುಲೈ 2024, ಭಾನುವಾರ

ಕೋಣೆಯ ಅಳತೆ: ಉದ್ದ 12 ಅಡಿ, ಅಗಲ 10, ಚಾವಣಿಯೂ 10. ಕೆಳಗೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಸುತ್ತ ಬೋಳು ಗೋಡೆ. ಬೆಂಗಳೂರಿನ ಫ್ಲಾಟುಗಳಲ್ಲಿ ಇಂಥ ಕೋಣೆಗೇನೂ ಬರವಿಲ್ಲ. ಕೇಳುವುದು ಹೆಚ್ಚಾಗಿ ಶಾಸ್ತ್ರೀಯ ಗಾಯನ, ಮಧ್ಯೆ ಹಳೆಯ ಚಿತ್ರಗೀತೆ. ಒಂದು ಜೊತೆ ಸ್ಪೀಕರಿಗೆ ಬಜೆಟ್ 30ರಿಂದ 50 ಸಾವಿರ ರೂಪಾಯಿ.

ಅಂಗಡಿಯಲ್ಲಿ ಮೊದಲ ಪ್ರಶ್ನೆ "ಸಾರ್, ಎಷ್ಟು ವಾಟ್ ಬೇಕು?" ಟೇಪ್‌ರೆಕಾರ್ಡರ್ ಡಬ್ಬದ ಮೇಲೆ ಸಾವಿರ ವಾಟ್ ಪಿಎಂಪಿಒ (ಉಬ್ಬಿಸಿ ಹೇಳುವ ಗರಿಷ್ಠ ಅಂಕಿ) ಅಂತ ಅಚ್ಚು ಹಾಕುತ್ತಿದ್ದ ಕಾಲದ ಚಟ ಇನ್ನೂ ಬಿಟ್ಟಿಲ್ಲ. ಕೇಳಬೇಕಾದ್ದು ಬೇರೆ: ಸ್ಪೀಕರಿನ ಬೆನ್ನಿಗೂ ಗೋಡೆಗೂ ನಡುವೆ ಎಷ್ಟು ಜಾಗ ಬಿಡಬಲ್ಲಿರಿ?

ವೂಫರಿನ (ಪೆಟ್ಟಿಗೆಯಲ್ಲಿ ತಗ್ಗಿನ ಸ್ವರ ನುಡಿಸುವ ದೊಡ್ಡ ಕೋನ್) ತಗ್ಗಿನ ಸ್ವರ ಮುಂದಕ್ಕಷ್ಟೇ ಹೋಗುವುದಿಲ್ಲ, ಪೆಟ್ಟಿಗೆಯನ್ನು ಸುತ್ತಿಕೊಂಡು ಹಿಂದಿನ ಗೋಡೆಗೂ ಬಡಿದು ವಾಪಸ್ ಬರುತ್ತದೆ. ಪೆಟ್ಟಿಗೆಯ ಮುಂಭಾಗದಿಂದ ಗೋಡೆಗಿರುವ ದೂರ ಯಾವ ಸ್ವರದ ಅಲೆಯ ಕಾಲು ಭಾಗವೋ, ಆ ಸ್ವರ ತಿರುಗಿ ಬರುವಾಗ ನೇರ ಬರುವ ಅಲೆಯನ್ನೇ ನುಂಗಿಹಾಕುತ್ತದೆ. ದೂರ 2 ಅಡಿ ಇದ್ದರೆ ಹೀಗೆ ಸ್ವರ ತಗ್ಗುವ ಹಳ್ಳ ಬೀಳುವುದು 140 ಹರ್ಟ್ಸ್ ಆಸುಪಾಸಿನಲ್ಲಿ. ಬಿಳಿ ಒಂದು ಶ್ರುತಿಯಲ್ಲಿ (ಹಾರ್ಮೋನಿಯಂನ C) ಹಾಡುವ ಗಾಯಕನ ಮಧ್ಯ ಷಡ್ಜ 131. ಸರಿ ಎಂದು ಹಿಂದೆ ತಳ್ಳಿ 17 ಇಂಚಿಗೆ ತಂದರೆ ಹಳ್ಳ 200ಕ್ಕೆ ಏರುತ್ತದೆ, ಬಿಳಿ ಐದರಲ್ಲಿ ಹಾಡುವ ಗಾಯಕಿಯ ಷಡ್ಜ 196! ಪೂರ್ತಿ ತಪ್ಪಿಸಿಕೊಳ್ಳಲು ಆಗದು. ತಂಬೂರಿಯ ಧ್ವನಿಮುದ್ರಣ ಹಾಕಿ, ಅದರ ನಾಲ್ಕೂ ತಂತಿ ಸಮನಾಗಿ ಕೇಳುವವರೆಗೆ ಮೂರು ಮೂರು ಇಂಚು ಸರಿಸುತ್ತ ಹೋಗಬೇಕು. ಪಕ್ಕದ ಗೋಡೆಗೂ ಹಿಂದಿನ ಗೋಡೆಗೂ ಒಂದೇ ದೂರ ಇಡಬಾರದು, ಎರಡು ಹಳ್ಳ ಒಂದೇ ಕಡೆ ಬೀಳುತ್ತವೆ.

ಪೋರ್ಟ್ (ಪೆಟ್ಟಿಗೆಯ ಗಾಳಿ ಆಡುವ ತೂತು) ಹಿಂದಿದ್ದರೆ ಬೆನ್ನ ಹಿಂದೆ ಒಂದಡಿಯಾದರೂ ಬೇಕು. ಮುಂದಿದ್ದರೆ ಗೋಡೆಯ ಕಾಟ ತಪ್ಪಿತು ಅನ್ನುವುದು ಅರ್ಧ ಸತ್ಯ. ಪೋರ್ಟಿನ ಉಸಿರಾಟಕ್ಕೆ ಅಡ್ಡಿಯಿಲ್ಲ ಅಷ್ಟೇ, ಗೋಡೆ ಬೇಸ್ ಉಬ್ಬಿಸುವುದು ಹಾಗೇ ಇರುತ್ತದೆ. ಜಾಗವೇ ಇಲ್ಲದಿದ್ದರೆ ಪೋರ್ಟಿಗೆ ಫೋಮ್ ತುರುಕಬಹುದು. ಹತ್ತಿಯ ಕಾಲುಚೀಲ ಸುತ್ತಿಟ್ಟರೂ ನಡೆಯುತ್ತದೆ. (ಪೋರ್ಟನ್ನು ತೆರೆದೇ ಬಿಟ್ಟು ಊರಿಗೆ ಹೋದರೆ ಹಲ್ಲಿ ಸಂಸಾರ ಹೂಡುವುದೂ ಉಂಟು.)

ಇನ್ನು ವೂಫರ್ ಗಾತ್ರ. ಅಗಲವೂ ಚಾವಣಿಯೂ 10 ಅಡಿ ಆಗಿರುವುದೇ ಈ ಕೋಣೆಯ ರೋಗ: ಎರಡೂ 56 ಹರ್ಟ್ಸ್‌ನಲ್ಲಿ ಅನುರಣಿಸುತ್ತವೆ, ಉದ್ದದ 12 ಅಡಿ 47ರಲ್ಲಿ. ಬೇಸ್ ಗಿಟಾರಿನ 55 ಹರ್ಟ್ಸ್ ಸ್ವರ ಬಂದಾಗಲೆಲ್ಲ ಕೋಣೆ ಗುಮ್ಮೆನ್ನುತ್ತದೆ. ಆರೂವರೆ ಇಂಚಿನ ವೂಫರ್ ಆ ಗುಮ್ಮನ್ನು ಇನ್ನಷ್ಟು ಕೆರಳಿಸುತ್ತದೆ. ಐದೂಕಾಲು ಇಂಚಿನದು 50ರ ಹತ್ತಿರವೇ ಸೋಲುವುದರಿಂದ ಇಲ್ಲಿ ಸೋಲೇ ಲಾಭ. ಬಿಳಿ ಒಂದರ ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿ 65 ಹರ್ಟ್ಸ್, ಅದನ್ನು ಒಳ್ಳೆಯ ಐದೂಕಾಲು ಇಂಚು ಸಲೀಸಾಗಿ ನುಡಿಸುತ್ತದೆ. ಸಬ್‌ವೂಫರ್ ಖರ್ಚು ಬೇಡ. ಆ ಮಟ್ಟಿಗೆ ಈ ಕೋಣೆಗೆ ಕೆಇಎಫ್ ಕಂಪನಿಯ ಐದೂಕಾಲು ಇಂಚಿನ ಸ್ಪೀಕರ್ ಕ್ಯೂ150 ಸರಿ. ಎಲಾಕ್ ಡೆಬ್ಯೂ ಬಿ6.2 ದೊಡ್ಡ ವೂಫರಿನ, ಮುಂದೆ ಪೋರ್ಟಿರುವ ಗಟ್ಟಿ ಪೆಟ್ಟಿಗೆ, ಊಟದ ಕೋಣೆಗೆ ತೆರೆದುಕೊಂಡ 12×18 ಹಾಲಿಗೆ ನನ್ನ ಓಟು ಅದಕ್ಕೇ.

ವಾಟಿನ ಲೆಕ್ಕ ಬೇಗ ಮುಗಿಯುತ್ತದೆ. 86 ಡೆಸಿಬೆಲ್ ಸೂಕ್ಷ್ಮತೆಯ (ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಸಿಗುವ ದನಿ) ಒಂದು ಜೊತೆ ಸ್ಪೀಕರ್, 8 ಅಡಿ ದೂರ, ತಲಾ ಒಂದು ವಾಟಿಗೇ ಕಿವಿಗೆ 83-84 ಡೆಸಿಬೆಲ್ ಸಿಗುತ್ತದೆ. ಮೃದಂಗದ ಹೊಡೆತ 95 ಮುಟ್ಟಲು 16 ವಾಟ್ ಸಾಕು. 40-50 ವಾಟಿನ ಸಾಚಾ ಆಂಪ್ (ಆಂಪ್ಲಿಫೈಯರ್) ಧಾರಾಳ. ಸೂಕ್ಷ್ಮತೆಯನ್ನು ಸಾಮಾನ್ಯವಾಗಿ 2.83 ವೋಲ್ಟಿಗೆ ಅಳೆಯುತ್ತಾರೆ, 8 ಓಮಿಗೆ ಅದು ಒಂದು ವಾಟ್, 4 ಓಮಿಗೆ ಎರಡು. ಹಾಗಾಗಿ 4 ಓಮ್ ಸ್ಪೀಕರಿನ ಅಂಕಿಯಿಂದ 3 ಡೆಸಿಬೆಲ್ ಕಳೆದು ಹೋಲಿಸಿ. ಓಮ್‌ಗಳನ್ನೂ ಮುಖಬೆಲೆಗೆ ನಂಬಬೇಡಿ: ಕ್ಯೂ150 ಮೇಲೆ 8 ಓಮ್ ಅಂತಿದ್ದರೂ ಕನಿಷ್ಠ 3.7 ಎಂದು ಅದರ ವಿವರಪಟ್ಟಿಯೇ ಹೇಳುತ್ತದೆ. ಆಂಪಿನ ಬೆನ್ನಲ್ಲಿ 4 ಓಮ್ ನಡೆಯುತ್ತದೆ ಎಂದು ಅಚ್ಚಾಗಿರಲಿ.

ಅಂಗಡಿಯಲ್ಲಿ ಎರಡು ಜೊತೆ ಹೋಲಿಸುವಾಗ ದನಿಯ ಮಟ್ಟ ಒಂದೇ ಇರಬೇಕು. ಒಂದು ಡೆಸಿಬೆಲ್ ಜೋರಿದ್ದದ್ದೇ ಕಿವಿಗೆ "ಸ್ಪಷ್ಟ" ಅನ್ನಿಸುತ್ತದೆ. ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಹೋಲಿಕೆಗೆ ಸಾಕು. ಬರಿಯ ತಂಬೂರಿ ಹಾಕಿ, ಎದ್ದು ನಿಂತು, ಮತ್ತೆ ಕೂತು ಕೇಳಿ. ನಿಂತಾಗ ತಂತಿಯ ಜವಾರಿ ಝೇಂಕಾರ ಮಂಕಾದರೆ ಆ ಪೆಟ್ಟಿಗೆಯಲ್ಲಿ ವೂಫರಿನಿಂದ ಟ್ವೀಟರಿಗೆ (ಮೇಲಿನ ಸ್ವರ ನುಡಿಸುವ ಪುಟ್ಟ ಘಟಕ) ಸ್ವರ ಕೈಬದಲಾಗುವ ಕಡೆ ಬಿರುಕಿದೆ ಅಂತ ಅರ್ಥ. ಕ್ಯೂ150ಯಲ್ಲಿ ಟ್ವೀಟರ್ ವೂಫರಿನ ನಡುಮಧ್ಯದಲ್ಲೇ ಕೂತಿರುವುದರಿಂದ ಈ ತೊಂದರೆ ಕಡಿಮೆ. ಸೆಕೆಂಡ್‌ಹ್ಯಾಂಡ್ ಆದರೆ ಕೋನ್ ಸುತ್ತಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ರಬ್ಬರ್ ಸರಿ. ಫೋಮ್ ಆಗಿದ್ದು ಪುಡಿ ಉದುರಿದರೆ ಕೈಬಿಡಿ. ಮಂಗಳೂರಿನ ಹವೆಯಲ್ಲಂತೂ ಫೋಮ್ ಬಾಳುವುದಿಲ್ಲ.

ದಿವಾನದ ಮೇಲೆ ಕೂತವರ ಕಿವಿ ನೆಲದಿಂದ ಸುಮಾರು 38 ಇಂಚು. ಟ್ವೀಟರ್ ಅಲ್ಲಿಗೆ ಬರಬೇಕು. 24 ಇಂಚಿನ ಸ್ಟ್ಯಾಂಡ್ ಕ್ಯೂ150ಗೆ ಗಿಡ್ಡ. ಗ್ರಾನೈಟ್ ಅಂಗಡಿಯಲ್ಲಿ ಮಿಕ್ಕ ತುಂಡುಗಳನ್ನು ಸ್ಟ್ಯಾಂಡಿನ ಅಡಿಗೆ ಕೊಟ್ಟು ಎತ್ತರಿಸಬಹುದು, ಪೆಟ್ಟಿಗೆಯ ಮುಂದಿನ ಎರಡು ಮೂಲೆಗೆ ಮುಕ್ಕಾಲಿಂಚಿನ ರಬ್ಬರ್ ಇಟ್ಟು ಮುಖ ಮೇಲೆತ್ತಿಯೂ ಬಿಡಬಹುದು. ವೈರ್‌ಗೆ ಸಾವಿರಾರು ಸುರಿಯಬೇಡಿ: 2.5 ಚದರ ಮಿಲಿಮೀಟರಿನ ತಾಮ್ರದ ಫ್ಲೆಕ್ಸಿಬಲ್ ವೈರ್ 5 ಮೀಟರ್ ಹೋಗಿಬರಲು ಒಟ್ಟು ರೋಧ 0.07 ಓಮ್, ಲೆಕ್ಕಕ್ಕೇ ಇಲ್ಲ.

ಜೋಡಿಸಿದ ಮೇಲೆ ಬೇಸ್ ತೆಳುವಾಗಿ, ಗಾಯಕ ನಡುವೆ ನಿಲ್ಲದೆ ಕೋಣೆಯೆಲ್ಲ ಹರಡಿಕೊಂಡರೆ ಒಂದು ಬದಿಯ ಪ್ಲಸ್-ಮೈನಸ್ ತಿರುವುಮುರುವಾಗಿದೆ. ಆಂಪ್ ಕಡೆಯ ವೈರ್ ಬಿಚ್ಚಿ, ಕೆಂಪು ತುದಿಯನ್ನು 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿನ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಕ್ಷಣಮಾತ್ರ ತಾಗಿಸಿ. 'ಟಪ್' ಅಂತ ವೂಫರ್ ಮುಂದೆ ಬಂದರೆ ಸರಿ, ಒಳಗೆ ಸೇದಿಕೊಂಡರೆ ಪೆಟ್ಟಿಗೆಯ ಹಿಂದೆ ಅದಲುಬದಲಾಗಿದೆ. ಎರಡೂ ಮುಂದೆ ಬಂದರೆ ತಪ್ಪು ಆಂಪಿನ ತುದಿಯಲ್ಲಿದೆ. 9 ವೋಲ್ಟಿನ ಬ್ಯಾಟರಿ ಮಾತ್ರ ಬೇಡ.